ಚಳಿಯು ಕಟ್ಟಿದ ಊರಲ್ಲ

ಶೀತದೇಶಗಳಲ್ಲಿ ಕಾಣುವ ಅಚ್ಚುಕಟ್ಟಿಗೆ ಶೀತವೇ ಕಾರಣವೆಂಬ ಮಾತು ವಿದ್ಯಾವಂತರ ಬಾಯಲ್ಲಿ ಇಂದಿಗೂ ಸುಳಿದಾಡುತ್ತಿರುವುದು. ಯೂರೋಪಿನ ಉತ್ತರಭಾಗವನ್ನು ನೋಡಿ ಬಂದವರು ಸಭೆಯಲ್ಲಿ ಮಾತಾಡಲು ನಿಂತರೆಂದರೆ ಮೊದಲು ಅಲ್ಲಿಯ ಬೀದಿಗಳ ಶುಚಿತ್ವವನ್ನು ಹೊಗಳುವರು, ಬಳಿಕ ಕನ್ನಡ ನಾಡಿನ ಬೀದಿಗಳನ್ನು ನೆನೆದು ನಿಟ್ಟುಸಿರು ಬಿಡುವರು, ಕಡೆಗೆ, “ಏನು ಮಾಡುವುದು! ಅಲ್ಲಿಯ ಚಳಿ ಜನರನ್ನು ದುಡಿಸುತ್ತದೆ, ಇಲ್ಲಿಯ ಬಿಸಿಲು ಮಲಗಿಸುತ್ತದೆ” ಎಂದು ತೀರ್ಪು ಕೊಟ್ಟು ಕುಳಿತುಕೊಳ್ಳುವರು. ಕೇಳಿದವರು ತಲೆದೂಗುವರು. ಈ ತಲೆದೂಗುವಿಕೆಯಲ್ಲಿ ಒಂದು ಗುಪ್ತವಾದ ಸಂತೋಷವೂ ಇರುವುದು. ಅಪರಾಧವೆಲ್ಲ ಸೂರ್ಯನದೆಂದು ನಿಶ್ಚಯವಾದ ಮೇಲೆ ಮನುಷ್ಯನು ಮಾಡಬೇಕಾದ ಕೆಲಸವು ಏನೂ ಉಳಿಯುವುದಿಲ್ಲವಷ್ಟೆ! ಪುರಸಭೆಯ ಸದಸ್ಯನೂ ನಿರಾಳ, ತೆರಿಗೆ ಕೊಡದೆ ತಪ್ಪಿಸಿಕೊಂಡವನೂ ನಿರಾಳ, ಮನೆಯ ಕಸವನ್ನು ತಂದು ಚರಂಡಿಗೆ ಸುರಿಯುವವನೂ ನಿರಾಳ.

ಈ ವಾದಕ್ಕೆ ದೊಡ್ಡವರ ಆಧಾರವೂ ಉಂಟು. ಫ್ರಾನ್ಸಿನ ಮಾಂಟೆಸ್ಕ್ಯೂ ಎಂಬ ಪಂಡಿತನು 1748ರಲ್ಲಿ ಪ್ರಕಟಿಸಿದ ತನ್ನ ನ್ಯಾಯತತ್ತ್ವಗ್ರಂಥದಲ್ಲಿ, ತಣ್ಣನೆಯ ಗಾಳಿಯು ದೇಹದ ತಂತುಗಳನ್ನು ಬಿಗಿಗೊಳಿಸಿ ಜನರಿಗೆ ಬಲವನ್ನೂ ಧೈರ್ಯವನ್ನೂ ಕೊಡುವುದೆಂದೂ, ಬಿಸಿ ಗಾಳಿಯು ಅವುಗಳನ್ನು ಸಡಿಲಿಸಿ ಆಲಸ್ಯವನ್ನು ತರುವುದೆಂದೂ ಸಾಧಿಸಲು ಹೊರಟನು. ಇದಕ್ಕೆ ಆತನು ನಡೆಸಿದ ಪರೀಕ್ಷೆಯು ಯಾವುದೆಂದರೆ, ಕುರಿಯ ನಾಲಗೆಯ ಅರ್ಧಭಾಗವನ್ನು ಹೆಪ್ಪುಗಟ್ಟಿಸಿ ಅದರ ಮೇಲಿನ ಸೂಕ್ಷ್ಮವಾದ ಮೊನೆಗಳು ಕುಗ್ಗಿದುದನ್ನು ನೋಡಿದುದು! ಸತ್ತ ಕುರಿಯ ನಾಲಗೆಯಿಂದ ಬದುಕಿರುವ ಜನಾಂಗಗಳ ಶೀಲವನ್ನು ನಿರ್ಣಯಿಸಿದ ಈ ಸಾಹಸವನ್ನು ಏನೆನ್ನಬೇಕು? 1915ರಲ್ಲಿ ಅಮೇರಿಕೆಯ ಹಂಟಿಂಗ್‌ಟನ್ ಎಂಬ ಭೂಗೋಳಶಾಸ್ತ್ರಜ್ಞನು ನಾಗರಿಕತೆಗೂ ಹವೆಗೂ ಇರುವ ಸಂಬಂಧವನ್ನು ಕುರಿತು ಗ್ರಂಥವನ್ನೇ ಬರೆದನು. ಯಾವ ದೇಶವು ಎಷ್ಟು ನಾಗರಿಕವೆಂದು ವಿದ್ವಾಂಸರನ್ನು ಪತ್ರಮುಖೇನ ಕೇಳಿ, ಅವರ ಅಭಿಪ್ರಾಯಗಳಿಂದ ಭೂಪಟವನ್ನು ರಚಿಸಿ, ಆ ಭೂಪಟವು ಹವೆಯ ಭೂಪಟದೊಡನೆ ಹೊಂದುವುದೆಂದು ತೋರಿಸಿದನು. ಅಭಿಪ್ರಾಯವನ್ನು ಬಿತ್ತಿ ಅಭಿಪ್ರಾಯವನ್ನೇ ಕೊಯ್ದು ಅದನ್ನು ಪ್ರಮಾಣವೆಂದು ಕಣಜಕ್ಕೆ ತುಂಬಿದುದಲ್ಲದೆ ಇದು ಮತ್ತೇನು?

ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸಲು ಅನ್ವಯವೆಂದೂ ವ್ಯತಿರೇಕವೆಂದೂ ಎರಡು ಒರೆಗಲ್ಲುಗಳಿರುವುವು. ಇದು ಇದ್ದರೆ ಅದು ಇರಬೇಕು. ಇದು ಇಲ್ಲದಿದ್ದರೆ ಅದೂ ಇರಬಾರದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಬಾಲಪಾಠವೂ ಈ ನಿಯಮವನ್ನು ಮೀರುವುದಿಲ್ಲ. ಶೀತವು ಸುವ್ಯವಸ್ಥೆಗೆ ಕಾರಣವಾದರೆ, ಶೀತವಿದ್ದ ಕಾಲದಲ್ಲೆಲ್ಲ ಸುವ್ಯವಸ್ಥೆಯಿರಬೇಕು. ಶೀತವು ಹೆಚ್ಚಿದಾಗ ಹೆಚ್ಚಬೇಕು, ತಗ್ಗಿದಾಗ ತಗ್ಗಬೇಕು. ಶೀತವಿಲ್ಲದೆಡೆಯಲ್ಲಿ ಅದು ಕಾಣಿಸಲೇಬಾರದು. ಇದನ್ನು ಪರೀಕ್ಷಿಸಲು ಉತ್ತರದ ಒಂದು ರಾಜಧಾನಿಯನ್ನೇ ಆರಿಸಿಕೊಳ್ಳುವುದು ನ್ಯಾಯ. ಅದರಲ್ಲಿಯೂ ಪ್ರತಿವಾದಿಯ ದೈವವಾದ ಚಳಿಯು ಸಿಂಹಾಸನವೇರಿ ಕುಳಿತಿರುವ ಋತುವಿನಲ್ಲಿಯೇ ಆ ಊರನ್ನು ಹೊಗುವುದು ಇನ್ನೂ ನ್ಯಾಯ. ಮತ್ತೆ ಅದನ್ನು ಕಾಲ್ನಡಿಗೆಯಿಂದಲೇ ನೋಡಬೇಕು. ವಾಹನದ ಗಾಜಿನ ಹಿಂದೆ ಬೆಚ್ಚಗೆ ಕುಳಿತವನಿಗೆ ಊರು ಚಿತ್ರಪಟದಂತೆ ಸರಿದುಹೋಗುವುದು. ಅವನು ಗೋಪುರಗಳನ್ನು ಕಾಣುವನೇ ಹೊರತು ನೆಲವನ್ನು ಕಾಣನು. ಊರಿನ ವ್ಯವಸ್ಥೆಯ ಸಾಕ್ಷ್ಯವಿರುವುದು ನೆಲದಲ್ಲಿ. ಆ ಸಾಕ್ಷ್ಯವನ್ನು ಓದಲು ಬಲ್ಲುದು ಅಂಗಾಲು ಒಂದೇ.

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರವು ಉತ್ತರ ಅಕ್ಷಾಂಶ 59 ಡಿಗ್ರಿ 20 ಮಿನಿಟುಗಳಲ್ಲಿ, ಮೆಲಾರನ್ ಎಂಬ ಸರೋವರವು ಬಾಲ್ಟಿಕ್ ಸಮುದ್ರಕ್ಕೆ ಇಳಿಯುವೆಡೆಯಲ್ಲಿ, 14 ದ್ವೀಪಗಳ ಮೇಲೆ ಹರಡಿಕೊಂಡಿರುವುದು. ಅದರ ಹೆಸರು ಪತ್ರಗಳಲ್ಲಿ ಮೊದಲು ಕಾಣುವುದು 1252ರಲ್ಲಿ. ಡಿಸೆಂಬರ್ ತಿಂಗಳ ಕಡೆಯ ಭಾಗದಲ್ಲಿ ಅಲ್ಲಿ ಸೂರ್ಯನು ಬೆಳಗಿನ ಎಂಟೂ ಮುಕ್ಕಾಲು ಗಂಟೆಯ ಸುಮಾರಿಗೆ ಮೂಡಿ ಮಧ್ಯಾಹ್ನ ಮೂರು ಗಂಟೆಯಾಗುವುದಕ್ಕೆ ಮೊದಲೇ ಮುಳುಗುವನು. ಇರುವ ಆರು ಗಂಟೆಗಳಲ್ಲಿಯೂ ಅವನು ದಕ್ಷಿಣದ ಅಂಚಿನಲ್ಲಿಯೇ ತಗ್ಗಾಗಿ ಸುಳಿದುಹೋಗುವುದರಿಂದ ಮಟ್ಟಮಧ್ಯಾಹ್ನದಲ್ಲಿಯೂ ನೆರಳುಗಳು ಸಂಜೆಯ ನೆರಳುಗಳಂತೆ ನೀಳವಾಗಿರುವುವು. ಮನೆಮನೆಯ ಕಿಟಕಿಯಲ್ಲಿಯೂ ಕಾಗದದ ನಕ್ಷತ್ರಗಳೂ ದೀಪಮಾಲೆಗಳೂ ಬೆಳಗುತ್ತಿರುವುವು. ಕಾಲುಹಾದಿಯ ಮೇಲೆ ಹಿಮವು ತುಳಿತುಳಿದು ಗಟ್ಟಿಯಾಗಿ ಕನ್ನಡಿಯಂತಾಗುವುದು. ಅದರ ಮೇಲೆ ಪುಡಿಗಲ್ಲನ್ನು ಹರಡಿರುವರು. ಹೆಜ್ಜೆಯಿಟ್ಟಂತೆಲ್ಲ ಆ ಕಲ್ಲು ಕರಕರನೆ ಸದ್ದುಮಾಡುವುದು. ವಸಂತವು ಬಂದಮೇಲೆ ಆ ಕಲ್ಲನ್ನೆಲ್ಲ ಗುಡಿಸಿ ತೆಗೆಯುವರು. ಸೂರುಗಳಿಂದ ಮಂಜುಗಡ್ಡೆಯ ಈಟಿಗಳು ಜೋಲುತ್ತಿರುವುವು. ಅವು ಬಿದ್ದು ದಾರಿಹೋಕರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದು ಮನೆಯೊಡೆಯನ ಹೊಣೆಯೆಂದು ಕಾನೂನೇ ಇರುವುದು. ಹಗ್ಗ ಕಟ್ಟಿಕೊಂಡು ಮಾಡಿನ ಮೇಲೇರಿ ಹಿಮವನ್ನು ಕೆಳಕ್ಕೆ ತಳ್ಳುವ ಕೂಲಿಯವರನ್ನು ಹಿಮ ಬಿದ್ದ ಮರುದಿನ ಬೀದಿಗಳಲ್ಲಿ ಕಾಣಬಹುದು.

ಹಳೆಯ ಪಟ್ಟಣವಾದ ಗಾಮ್ಲ ಸ್ತಾನ್ ದ್ವೀಪದ ದಕ್ಷಿಣದ ಮೂಲೆಯಲ್ಲಿ ಮೋರ್ಟನ್ ಟ್ರೋಟ್ಸಿಗ್ ಎಂಬ ವರ್ತಕನ ಹೆಸರಿನ ಓಣಿಯುಂಟು. ಅದು ಕಿರಿದಾದ ಕಡೆಯಲ್ಲಿ 90 ಸೆಂಟಿಮೀಟರ್ ಮಾತ್ರ. ಇಬ್ಬರು ಎದುರುಬದುರಾದರೆ ಒಬ್ಬನು ಮೈಯೊರಗಿಸಿ ದಾರಿ ಬಿಡಬೇಕು. ಅದರ 36 ಕಲ್ಲುಮೆಟ್ಟಿಲುಗಳು ಹಿಮಗಾಲದಲ್ಲಿ ಪಾದಚಾರಿಯ ಜಾಗರೂಕತೆಯನ್ನು ಚೆನ್ನಾಗಿ ಪರೀಕ್ಷಿಸುವುವು. ಅದರ ಬುಡದಲ್ಲಿ ಸಾಗುವ ವೆಸ್ತರ್‌ಲಾಂಗ್‌ಗಾತನ್ ಎಂಬ ಬೀದಿಯ ಒಂದು ಮನೆಯಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟನು ತನ್ನ ಕಡೆಯ ದಿನಗಳನ್ನು ಕಳೆದನು. ರಾಣಿ ಕ್ರಿಸ್ಟೀನಳ ಆಹ್ವಾನದಿಂದ 1649ರ ಅಕ್ಟೋಬರ್ ತಿಂಗಳಲ್ಲಿ ಬಂದ ಆತನು ಬೆಳಗಿನ ಐದು ಗಂಟೆಗೆ ಅರಮನೆಗೆ ಹೋಗಿ ಪಾಠ ಹೇಳಬೇಕಾಯಿತು. 1650ರ ಫೆಬ್ರವರಿ 11ರಂದು ಶ್ವಾಸಕೋಶದ ಜ್ವರದಿಂದ ಮಡಿದನು. “ಉತ್ತರದ ಚಳಿ ತತ್ತ್ವಜ್ಞಾನಿಯನ್ನು ಕೊಂದಿತು” ಎಂಬ ಕಥೆಯು ಲೋಕದಲ್ಲೆಲ್ಲ ಹಬ್ಬಿತು. ಆದರೆ ಅದೇ ಮನೆಯಲ್ಲಿ, ಆತನಿಗೆ ಆಶ್ರಯಕೊಟ್ಟ ರಾಯಭಾರಿ ಶಾನುವು ಆತನಿಗಿಂತ ಮೊದಲೇ ಅದೇ ಜ್ವರದಲ್ಲಿ ಮಲಗಿದ್ದನು. ಆ ರೋಗಿಯ ಬಳಿಯಲ್ಲಿ ಡೇಕಾರ್ಟನಿದ್ದನು. ಕಾಯಿಲೆಯು ಮನೆಯೊಳಗೇ ಇದ್ದಾಗ ಕೊಲೆಯ ಆರೋಪವನ್ನು ಹೊರಗಿನ ಚಳಿಯ ಮೇಲೆ ಹೊರಿಸಿದರು! ಚಳಿಗೆ ಇಲ್ಲದ ಪುಣ್ಯವನ್ನು ಕಟ್ಟುವವರೂ ಅದಕ್ಕೆ ಇಲ್ಲದ ಪಾಪವನ್ನು ಕಟ್ಟುವವರೂ ಒಂದೇ ಪಾಠಶಾಲೆಯ ವಿದ್ಯಾರ್ಥಿಗಳು.

ಮೆಟ್ಟಿಲೇರಿ ಕೆಲವು ನಿಮಿಷ ನಡೆದರೆ ದೊಡ್ಡ ಚೌಕವು ಸಿಕ್ಕುವುದು. ಎತ್ತರವಾದ ಇಕ್ಕಟ್ಟಾದ ಬಣ್ಣದ ಮನೆಗಳು, ನಡುವೆ ಹಳೆಯ ಬಾವಿ, ಡಿಸೆಂಬರ್ ತಿಂಗಳಾದರೆ ಹಬ್ಬದ ಸಂತೆ. ಇದೇ ಚೌಕದಲ್ಲಿ 1520ರ ನವೆಂಬರ್ 8 ಮತ್ತು 9ರಂದು ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಸ್ಟಿಯನ್ನನು, ಪಟ್ಟಾಭಿಷೇಕದ ಔತಣಕ್ಕೆ ಬಂದಿದ್ದ ಸರದಾರರನ್ನೂ ಪಾದ್ರಿಗಳನ್ನೂ ಪುರಪ್ರಮುಖರನ್ನೂ ಹಿಡಿಸಿ, ಎಂಬತ್ತು ಮಂದಿಗೆ ಕಡಿಮೆಯಿಲ್ಲದಂತೆ ಶಿರಚ್ಛೇದ ಮಾಡಿಸಿದನು. ನವೆಂಬರ್ ತಿಂಗಳೆಂದರೆ ಅಲ್ಲಿ ಚಳಿಯೇ. ಆ ದಿನ ಚಳಿಯು ಯಾರ ತಂತುಗಳನ್ನು ಬಿಗಿಗೊಳಿಸಿ ಯಾವ ಧರ್ಮವನ್ನು ಕಲಿಸಿತು? ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ವಿಜಯನಗರವನ್ನು ಕಂಡು, ಅದು ರೋಮ್ ನಗರದಷ್ಟು ದೊಡ್ಡದೆಂದೂ, ಲೋಕದಲ್ಲಿ ಅಷ್ಟು ಸಮೃದ್ಧವಾದ ಪಟ್ಟಣವು ಬೇರೊಂದಿಲ್ಲವೆಂದೂ, ಬೀದಿಗಳು ಅಗಲವಾಗಿಯೂ ಸುಂದರವಾಗಿಯೂ ಇರುವುವೆಂದೂ ಬರೆದಿಟ್ಟನು. ಬಂಡೆಗಳು ಕಾದು ಕೆಂಡವಾಗುವ ಹಂಪೆಯ ಬಿಸಿಲು ಆ ಬೀದಿಗಳನ್ನು ಅಳಿಸಲಿಲ್ಲ. ಅಲ್ಲಿ ನೀರು ಹರಿಯಿಸಿದ ಕಲ್ಲಿನ ಕಾಲುವೆಗಳು ಇಂದಿಗೂ ಕಾಣಸಿಗುವುವು. ಹಂಪೆಯನ್ನು ಹಾಳುಮಾಡಿದುದು 1565ರ ಯುದ್ಧವೇ ಹೊರತು ವೈಶಾಖದ ಸೂರ್ಯನಲ್ಲ. ಶೀತವಿದ್ದೆಡೆ ಕ್ರೌರ್ಯ, ಉಷ್ಣವಿದ್ದೆಡೆ ವ್ಯವಸ್ಥೆ. ಹೇತುವು ಇಲ್ಲಿಯೇ ವ್ಯಭಿಚರಿಸಿತು.

ಅರಮನೆಯ ಪಕ್ಕದಿಂದ ನೊರ್‌ಬ್ರೋ ಸೇತುವೆಯನ್ನು ದಾಟಿದರೆ ಕೆಳಗೆ ಸರೋವರದ ನೀರು ಸಮುದ್ರಕ್ಕೆ ಭೋರ್ಗರೆಯುತ್ತ ಇಳಿಯುವುದು. ಸುತ್ತಲಿನ ಕೊಲ್ಲಿಗಳು ಹೆಪ್ಪುಗಟ್ಟಿದಾಗಲೂ ಈ ಪ್ರವಾಹವು ಬಹುಮಟ್ಟಿಗೆ ತೆರೆದಿರುವುದರಿಂದ ಹಂಸಗಳೂ ಬಾತುಗಳೂ ಇಲ್ಲಿ ಗುಂಪುಗೂಡಿರುವುವು. ಮುಂದೆ ರಾಜೋದ್ಯಾನ, ಅಲ್ಲಿ ಮಕ್ಕಳು ಮಂಜುಗಡ್ಡೆಯ ಮೇಲೆ ಜಾರಾಟವಾಡುವರು. ಅದರ ಪೂರ್ವಕ್ಕೆ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ಸನ ಹೆಸರಿನ ಒಂದು ಚಿಕ್ಕ ತೋಟವಿರುವುದು. ಹಿಮ ಹೊದೆದ ಅದರ ಮರಗಳನ್ನು ನೋಡಿ ಮೆಚ್ಚುವ ಪ್ರವಾಸಿಯು ತನ್ನ ಕಾಲಕೆಳಗೆ ಏನಿದೆಯೆಂಬುದನ್ನು ಬಲ್ಲನೆ? ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಅಲ್ಲಿದ್ದುದು ಸಮುದ್ರದ ಒಂದು ಕೊಳೆತ ಕೊಲ್ಲಿ. ಜನರು ಅದನ್ನು “ಬೆಕ್ಕಿನ ಸಮುದ್ರ” ಎಂದು ಕರೆಯುತ್ತಿದ್ದರು. ಊರಿನ ಕಸವೂ ಮಲವೂ ಬಂದು ಬೀಳುತ್ತಿದ್ದುದು ಅಲ್ಲಿಗೇ. 1850ರ ದಶಕದಲ್ಲಿ ಅದನ್ನು ಹೂಳಿ ತೋಟ ಮಾಡಿದರು. ಆರು ನೂರು ಚಳಿಗಾಲಗಳು ಬಂದುಹೋದರೂ ಆ ಕೊಲ್ಲಿಯನ್ನು ಶುಚಿಮಾಡಲಿಲ್ಲ. ಮನುಷ್ಯರು ಮನಸ್ಸು ಮಾಡಿದ ಮೇಲೆ ಕೆಲವೇ ವರ್ಷಗಳು ಸಾಕಾದುವು.

ಆ ಕಾಲದ ಸ್ಟಾಕ್‌ಹೋಮ್ ಹೇಗಿತ್ತೆಂಬುದನ್ನು ಶೀತವಾದಿಗಳು ತಪ್ಪದೆ ಓದಿಕೊಳ್ಳಬೇಕು. 1710ರಲ್ಲಿ ತಗುಲಿದ ಮಹಾಮಾರಿಯಿಂದ ನಗರದ ಸುಮಾರು ಮೂರನೆಯ ಒಂದು ಪಾಲು ಜನರು ನಾಶವಾದರು. 1834ರಲ್ಲಿ ವಾಂತಿಭೇದಿಯ ಜಾಡ್ಯವು ಸಾವಿರಾರು ಜನರನ್ನು ಕೊಂಡೊಯ್ದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಆ ನಗರದಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾಗಿದ್ದು, ಹಳ್ಳಿಗಳಿಂದ ಬಂದು ಸೇರುವವರಿಂದಲೇ ಊರು ತುಂಬಿಕೊಳ್ಳುತ್ತಿದ್ದಿತು. 1867ರಿಂದ 1869ರವರೆಗೆ ದೇಶದಲ್ಲಿ ಕ್ಷಾಮ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ 1930ರವರೆಗೆ ಸುಮಾರು 13 ಲಕ್ಷ ಸ್ವೀಡಿಷ್ ಜನರು ಹೊಟ್ಟೆಗಾಗಿ ಅಮೇರಿಕೆಗೆ ಹಡಗು ಹತ್ತಿದರು. ಶೀತವು ಸಂಪತ್ತನ್ನು ಕೊಡುವುದಾಗಿದ್ದರೆ ಅಷ್ಟು ಶೀತವನ್ನು ಬಿಟ್ಟು ಅವರು ಓಡಿದುದೇಕೆ? ಹಾಗಾದರೆ ಊರನ್ನು ಬದಲಿಸಿದುದು ಯಾವುದು? 1861ರಲ್ಲಿ ನಗರಕ್ಕೆ ಕೊಳಾಯಿಯ ನೀರು ಬಂದಿತು. ಅದೇ ದಶಕದಲ್ಲಿ ಒಳಚರಂಡಿಗಳನ್ನು ತೋಡತೊಡಗಿದರು. 1862ರ ಶಾಸನಗಳು ಸ್ಥಳೀಯ ಸಂಸ್ಥೆಗಳಿಗೆ ಸ್ವಾಡಳಿತವನ್ನು ಕೊಟ್ಟವು. 1874ರಲ್ಲಿ ಸಾರ್ವಜನಿಕ ಆರೋಗ್ಯದ ಕಾಯಿದೆಯಾಯಿತು. ಆ ಸ್ವಾಡಳಿತದಲ್ಲಿಯೂ ಮೊದಲು ಹಣವುಳ್ಳವನಿಗೆ ಹೆಚ್ಚು ಮತಗಳಿದ್ದುವು; ಬಹುಕಾಲದ ಹೋರಾಟದ ಮೇಲೆ 1921ರ ಚುನಾವಣೆಯಲ್ಲಿ ಸ್ತ್ರೀಯರೂ ಮತಕೊಟ್ಟರು. ನೀರು, ಚರಂಡಿ, ಕಾನೂನು, ತೆರಿಗೆ, ಮತ: ಇವೈದೂ ಮನುಷ್ಯಕೃತವಾದುವು. ಇವುಗಳಲ್ಲಿ ಒಂದಾದರೂ ಆಕಾಶದಿಂದ ಹಿಮದೊಡನೆ ಉದುರಲಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಹುಲ್ಲು ಮಾರುತ್ತಿದ್ದ ಹಳೆಯ ಚೌಕದ ಅಂಚಿನಲ್ಲಿ, 1926ರಲ್ಲಿ ತೆರೆದ ಸಂಗೀತಶಾಲೆಯ ನೀಲಿಯ ಗೋಡೆಯು ಕಾಣುವುದು. ಡಿಸೆಂಬರ್ 10ರಂದು ನೊಬೆಲ್ ಪಾರಿತೋಷಕಗಳನ್ನು ಕೊಡುವುದು ಇಲ್ಲಿ. 1930ರ ಚಳಿಗಾಲದಲ್ಲಿ ಭೌತಶಾಸ್ತ್ರದ ಪಾರಿತೋಷಕವನ್ನು ಈ ನಗರದಲ್ಲಿ ಸ್ವೀಕರಿಸಿದವರು ಚಂದ್ರಶೇಖರ ವೆಂಕಟರಾಮನ್ನರು. ಮೂರು ವರ್ಷಗಳ ತರುವಾಯ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದ ಮಹನೀಯರು. ಅವರಿಗೆ ಆ ಪಾರಿತೋಷಕವನ್ನು ತಂದ ಶೋಧನೆಯು ನಡೆದುದು ಯಾವ ಹಿಮಪ್ರದೇಶದಲ್ಲಿ? ಕಲ್ಕತ್ತೆಯ ಬೌಬಜಾರ್ ಬೀದಿಯ ಒಂದು ಸಂಸ್ಥೆಯಲ್ಲಿ. 1928ರ ಫೆಬ್ರವರಿ 28ರಂದು ಅದು ಕಾಣಿಸಿಕೊಂಡಿತು. ಬೆವರೊರೆಸಿಕೊಳ್ಳುತ್ತ ಅಲ್ಪವಾದ ಉಪಕರಣಗಳಿಂದ ಮಾಡಿದ ಆ ಕೆಲಸಕ್ಕೆ ಶೀತದ ರಾಜಧಾನಿಯೇ ತಲೆಬಾಗಿ ಮಾನವನ್ನು ಸಲ್ಲಿಸಿತು. ಮಾಂಟೆಸ್ಕ್ಯೂವಿನ ಕುರಿಯ ನಾಲಗೆಯು ಈ ಪ್ರಶ್ನೆಗೆ ಏನು ಉತ್ತರ ಹೇಳುವುದೋ ತಿಳಿಯದು.

ಚೌಕದಿಂದ ಉತ್ತರಕ್ಕೆ ಸ್ವೇಆವೇಗನ್ ಎಂಬ ರಾಜಬೀದಿಯು ಸಾಗುವುದು. ಸ್ವಲ್ಪದೂರ ಹೋದಮೇಲೆ ಕಾಲುಹಾದಿಯಲ್ಲಿಯೇ ಹುಗಿದ ಒಂದು ಲೋಹಫಲಕವು ನಡೆಯುವವನ ಕಾಲನ್ನು ತಡೆಯುವುದು. ಪ್ರಧಾನಮಂತ್ರಿ ಓಲೋಫ್ ಪಾಲ್ಮೆ 1986ರ ಫೆಬ್ರವರಿ 28ರ ರಾತ್ರಿ ಬಿದ್ದುದು ಈ ಮೂಲೆಯಲ್ಲಿ. ಆತನು ಅಂಗರಕ್ಷಕರನ್ನು ಕಳುಹಿಸಿಬಿಟ್ಟು, ಹೆಂಡತಿಯೊಡನೆ ಚಲಚ್ಚಿತ್ರವನ್ನು ನೋಡಿ, ಹನ್ನೊಂದು ಗಂಟೆಯ ಚಳಿಯಲ್ಲಿ ಎಲ್ಲ ಪ್ರಜೆಗಳಂತೆ ಕಾಲ್ನಡಿಗೆಯಿಂದ ಹೊರಟಿದ್ದನು. ಹಿಂದಿನಿಂದ ಬಂದವನ ಗುಂಡು ಆತನನ್ನು ಕೊಂದಿತು. ಕೆಲವು ನಿಮಿಷಗಳ ಮುಂಚೆ ದಂಪತಿಗಳು ಅಡಾಲ್ಫ್ ಫ್ರೆಡ್ರಿಕ್ ಚರ್ಚಿನ ಬದಿಯಿಂದ ನಡೆದುಬಂದಿದ್ದರು. ಆತನ ಸಮಾಧಿಯು ಇರುವುದು ಅದೇ ಚರ್ಚಿನ ಅಂಗಳದಲ್ಲಿ. ಡೇಕಾರ್ಟನ ದೇಹವನ್ನೂ, ಫ್ರಾನ್ಸಿಗೆ ಒಯ್ಯುವ ಮೊದಲು, ಹೂಳಿದ್ದುದು ಅಲ್ಲಿಯೇ. ದೇಶವನ್ನಾಳುವವನು ರಾತ್ರಿಯಲ್ಲಿ ಕಾವಲಿಲ್ಲದೆ ನಡೆಯಬಲ್ಲನೆಂಬ ವಿಶ್ವಾಸವನ್ನು ಆ ಊರಿಗೆ ಚಳಿಯು ಕೊಟ್ಟಿರಲಿಲ್ಲ. ತಲೆಮಾರುಗಳ ನಡವಳಿಕೆಯಿಂದ ಜನರು ಅದನ್ನು ಗಳಿಸಿಕೊಂಡಿದ್ದರು. ಒಬ್ಬ ಮನುಷ್ಯನ ಕೈ ಅದನ್ನು ಗಾಯಗೊಳಿಸಿತು. ಆ ರಾತ್ರಿ ಚಳಿಯು ಅದನ್ನು ಕಾಪಾಡಲೂ ಇಲ್ಲ. ಊರಿನ ಹಾದಿಗಳು ನಿರ್ಭಯವಾಗಿರುವುದು ಪ್ರಕೃತಿಯ ವರವಲ್ಲ. ದಿನದಿನವೂ ಮಾಡಬೇಕಾದ ಕೆಲಸ.

ಅದೇ ಬೀದಿಯ ಮೇಲ್ತುದಿಯ ಹತ್ತಿರ ಒಂದು ಗುಡ್ಡ, ಅದರ ಮೇಲೆ 1753ರಲ್ಲಿ ತೆರೆದ ವೇಧಶಾಲೆ. ಹಿಮದಲ್ಲಿ ಜಾರುತ್ತ ಅಲ್ಲಿಗೆ ಏರಿದವನಿಗೆ ಈ ವಾದದ ಕಡೆಯ ಪ್ರಮಾಣವು ದೊರೆಯುವುದು. 1756ರಿಂದ ಇಂದಿನವರೆಗೆ ಆ ಸ್ಥಳದ ಉಷ್ಣಮಾನವನ್ನು ಬಿಡದೆ ಬರೆದಿಟ್ಟಿರುವರು. ಲೋಕದಲ್ಲಿ ಇಂತಹ ದೀರ್ಘವಾದ ಲೆಕ್ಕಗಳು ಬಹಳ ಇಲ್ಲ. ಆ ಲೆಕ್ಕವು ಹೇಳುವುದೇನೆಂದರೆ, ಹಿಂದಿನ ಚಳಿಗಾಲಗಳು ಹೆಚ್ಚು ತೀಕ್ಷ್ಣವಾಗಿದ್ದುವು, ಇತ್ತೀಚಿನ ದಶಕಗಳವು ಮೃದುವಾಗಿರುವುವು. ಶೀತವಾದವು ನಿಜವಾದರೆ ಆ ತೀಕ್ಷ್ಣವಾದ ಶತಮಾನಗಳಲ್ಲಿ ಊರು ಸ್ವರ್ಗವಾಗಿದ್ದು ಈಗ ಹಾಳಾಗುತ್ತಿರಬೇಕಾಗಿದ್ದಿತು. ನಡೆದುದು ಇದಕ್ಕೆ ಪೂರಾ ವಿಪರೀತ. ಚಳಿಯು ಅತಿಶಯವಾಗಿದ್ದಾಗ ಊರು ಕೊಳೆತು ನಾರುತ್ತಿದ್ದಿತು. ಚಳಿಯು ತಗ್ಗುತ್ತ ಬಂದ ಕಾಲದಲ್ಲಿ ಊರು ಏಳಿಗೆಗೆ ಬಂದಿತು. ಇಷ್ಟರಿಂದ “ಶೀತವು ತಗ್ಗಿದುದೇ ಏಳಿಗೆಗೆ ಕಾರಣ” ಎಂದು ಯಾರಾದರೂ ಹೇಳಹೊರಟರೆ ಅದೂ ಕಾಕತಾಲೀಯವೇ. ಇನ್ನು, ಸ್ಟಾಕ್‌ಹೋಮಿನ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ ಇನ್ನೂ ಕಠಿನವಾದ ಚಳಿಯಲ್ಲಿರುವ ಪೀಟರ್ಸ್‌ಬರ್ಗನ್ನು 1703ರಿಂದ ಕಟ್ಟಿದುದು ಬಿಟ್ಟಿ ಹಿಡಿದು ತಂದ ರೈತರ ದುಡಿಮೆಯಿಂದ. ರಷ್ಯದಲ್ಲಿ ಜೀತವು ಕಾನೂನಿನಿಂದ ಹೋದುದು 1861ರಲ್ಲಿ. ಇತ್ತ ಭೂಮಧ್ಯರೇಖೆಯ ಸಮೀಪದ ಸಿಂಗಾಪುರದಲ್ಲಿ 1822ರ ನಗರಯೋಜನೆಯು, ಅಂಗಡಿಗಳ ಮುಂದೆಲ್ಲ ಮಾಡುಳ್ಳ ಐದಡಿಯ ಕಾಲುಹಾದಿಯನ್ನು ಬಿಡತಕ್ಕದ್ದೆಂದು ವಿಧಿಸಿತು. ನಡೆಯುವವನಿಗೆ ಬಿಸಿಲಿನಿಂದಲೂ ಮಳೆಯಿಂದಲೂ ಅದು ಆಶ್ರಯವಾಯಿತು. ಇವೆಲ್ಲಕ್ಕೂ ಹಿಂದೆ, ನಾಲ್ಕು ಸಾವಿರ ವರ್ಷಗಳಿಗೂ ಮೇಲ್ಪಟ್ಟ ಕಾಲದಲ್ಲಿ, ಸಿಂಧೂತೀರದ ಸುಡುಬಿಸಿಲಿನ ಮೊಹೆಂಜೊದಾರೊವಿನಲ್ಲಿ ಮುಚ್ಚಿದ ಚರಂಡಿಗಳಿದ್ದುವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. “ಹಿಮವನ್ನು ತೆಗೆಯದಿದ್ದರೆ ಜನರು ಬಿದ್ದು ಸೊಂಟ ಮುರಿದುಕೊಳ್ಳುವರು, ಆದುದರಿಂದ ಅವಶ್ಯಕತೆಯೇ ಅವರಿಂದ ಕೆಲಸ ಮಾಡಿಸಿತು, ಅವಶ್ಯಕತೆಯನ್ನು ತಂದುದು ಚಳಿಯಲ್ಲವೆ?” ಎಂದು. ಉತ್ತರವು ಅದೇ ಊರಿನಲ್ಲಿರುವುದು. ಹಿಮಗಾಲದಲ್ಲಿ ಮೊದಲು ಯಾವ ಹಾದಿಯನ್ನು ಶುಚಿಮಾಡಬೇಕು? ಮೋಟಾರುಗಳ ಹೆದ್ದಾರಿಗಳು ಮೊದಲು, ನಡೆಯುವವರ ಹಾದಿಗಳು ಕಡೆಗೆ, ಎಂಬುದು ಬಹುಕಾಲದ ಪದ್ಧತಿಯಾಗಿದ್ದಿತು. ಜಾರಿಬಿದ್ದು ಆಸ್ಪತ್ರೆ ಸೇರುವವರಲ್ಲಿ ಕಾಲ್ನಡಿಗೆಯವರೇ ಬಹುಮಂದಿ, ಅವರಲ್ಲಿಯೂ ಸ್ತ್ರೀಯರು ಹೆಚ್ಚು, ಎಂಬುದನ್ನು ಗಮನಿಸಿ 2010ರ ದಶಕದಲ್ಲಿ ಸ್ವೀಡನ್ನಿನ ಕೆಲವು ಊರುಗಳು ಈ ಕ್ರಮವನ್ನು ತಿರುಗಿಸಿ, ಶಿಶುಶಾಲೆಗಳ ಹಾದಿ, ಕಾಲುಹಾದಿ, ಬಸ್ಸಿನ ನಿಲ್ದಾಣಗಳು ಮೊದಲೆಂದು ಗೊತ್ತುಮಾಡಿದುವು. ಸ್ಟಾಕ್‌ಹೋಮೂ ಆ ಹಾದಿಯನ್ನು ಹಿಡಿಯಿತು. 2016ರ ನವೆಂಬರ್ 9ರಂದು, ಒಂದು ಶತಮಾನದಲ್ಲಿ ಆ ತಿಂಗಳಲ್ಲಿ ಕಾಣದಿದ್ದಷ್ಟು ಹಿಮವು ಸುರಿಯಿತು. ಬಸ್ಸುಗಳು ನಿಂತುವು; ನಡೆಯುವವರ ಹಾದಿಯೂ ಹೂತುಹೋಯಿತು; ಹೊಸ ಕ್ರಮವನ್ನು ಹಲವರು ಗೇಲಿಮಾಡಿದರು; ನಗರಸಭೆಯವರು ಉತ್ತರ ಹೇಳಬೇಕಾಯಿತು. ಏಳು ನೂರು ಚಳಿಗಾಲಗಳ ಅನುಭವವಿದ್ದ ಊರಿಗೂ ಆ ಒಂದು ದಿನದ ಪಾಠವನ್ನು ಚಳಿಯು ಕಲಿಸಿರಲಿಲ್ಲ. ಇಂದಿಗೂ ಕೆಲವು ಮೆಟ್ಟಿಲುಗಳ ಬಳಿ “ಇಲ್ಲಿ ಹಿಮಗಾಲದ ನಿರ್ವಹಣೆಯಿಲ್ಲ” ಎಂಬ ಫಲಕಗಳನ್ನು ನಡೆಯುವವನು ಕಾಣುವನು. ಹಿಮವು ಆ ಮೆಟ್ಟಿಲುಗಳ ಮೇಲೆಯೂ ಬೀಳುವುದು, ಮುಂದಿನ ಬೀದಿಯ ಮೇಲೆಯೂ ಬೀಳುವುದು. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದು ಸಭೆಯಲ್ಲಿ ಕುಳಿತ ಮನುಷ್ಯರ ತೀರ್ಮಾನ. ಅವಶ್ಯಕತೆಯು ಪ್ರಶ್ನೆಯನ್ನು ಕೇಳುವುದು ಮಾತ್ರ. ಉತ್ತರವನ್ನು ಅದು ಬರೆಯುವುದಿಲ್ಲ.

ಆ ದೇಶದಲ್ಲಿ, ಕೆಟ್ಟ ಹವೆಯೆಂಬುದಿಲ್ಲ, ಕೆಟ್ಟ ಬಟ್ಟೆಯೆಂಬುದು ಮಾತ್ರ ಉಂಟು, ಎಂದು ಒಂದು ಗಾದೆಯಿರುವುದು. ಪ್ರವಾಸಿಗಳು ಇದನ್ನು ಬಹಳವಾಗಿ ಕೊಂಡಾಡುವರು. ಒಳ್ಳೆಯ ಉಣ್ಣೆಯ ಅಂಗಿಯುಳ್ಳವನ ಬಾಯಲ್ಲಿ ಇದು ಚೆನ್ನಾಗಿಯೇ ಇರುವುದು. ಆದರೆ 2010ರ ದಶಕದಲ್ಲಿ ಯೂರೋಪಿನ ಬಡದೇಶಗಳಿಂದ ಬಂದು, ಅಂಗಡಿಗಳ ಬಾಗಿಲಲ್ಲಿ ಹಿಮದ ಮೇಲೆ ಕುಳಿತು ಲೋಟ ಚಾಚುತ್ತಿದ್ದ ಸ್ತ್ರೀಪುರುಷರನ್ನು ಇದೇ ನಗರದ ಬೀದಿಗಳು ಕಂಡಿರುವುವು. ವಾಹನದಲ್ಲಿ ಹೋದವನಿಗೆ ಅವರು ಕಾಣರು. ನಡೆದುಹೋದವನ ಮೊಣಕಾಲಿನ ಎತ್ತರದಲ್ಲಿಯೇ ಅವರ ಮುಖಗಳಿದ್ದುವು. ಅವರಿಗೆ ಈ ಗಾದೆಯನ್ನು ಹೇಳುವ ಧೈರ್ಯ ಯಾರಿಗಿರುವುದು? ಶೀತವು ಶೀಲವನ್ನು ಕೊಡುವುದಾದರೆ, ಆ ಶೀತವನ್ನು ಎಲ್ಲರಿಗಿಂತ ಹೆಚ್ಚಾಗಿ ಉಂಡವರು ಅವರೇ. ಅವರಿಗೆ ಅದು ಕೊಟ್ಟುದೇನು? ಬೆಚ್ಚಗಿರುವವನು ಚಳಿಯನ್ನು ಗುರುವೆನ್ನುವನು. ಬೆಚ್ಚಗಿಲ್ಲದವನಿಗೆ ಅದು ಯಮನೇ.

ಈ ವಿಚಾರವೆಲ್ಲ ದೂರದೇಶದ ಒಂದು ಊರಿನ ಕಥೆಯೆಂದು ತಳ್ಳಿಬಿಡತಕ್ಕುದಲ್ಲ. ಶೀತವಾದವನ್ನು ಒಪ್ಪಿದ ಮೇಲೆ ಉಷ್ಣದೇಶದ ಜನರಿಗೆ ಉಳಿಯುವುದು ಎರಡೇ: ಅಸೂಯೆ ಮತ್ತು ಆಲಸ್ಯ. ಕನ್ನಡ ನಾಡಿಗೆ ಹ��ಮವು ಬಾರದಿರಬಹುದು. ಮುಂಗಾರು ಬಾರದೆ ಇರುವುದೆ? ಸ್ಟಾಕ್‌ಹೋಮಿನ ಹಿಮವು ಎಷ್ಟು ನಿಯತವೋ ಜ್ಯೇಷ್ಠ ಆಷಾಢಗಳ ಮಳೆಯು ಅಷ್ಟೇ ನಿಯತ. ಮಲೆನಾಡಿನ ಹಿರಿಯರು ಆ ಮಳೆಯನ್ನು ಬಲ್ಲವರಾಗಿ ಇಳಿಜಾರಿನ ಮಾಡುಗಳನ್ನು ಕಟ್ಟಿದರು, ಚಾಚಿದ ಸೂರುಗಳನ್ನು ಬಿಟ್ಟರು, ಮಳೆಗಾಲಕ್ಕೆ ಮೊದಲೇ ಕಟ್ಟಿಗೆಯನ್ನು ಕೂಡಿಟ್ಟರು, ಅಂಗಳದ ನೀರಿಗೆ ದಾರಿ ಮಾಡಿದರು. ಅವರಿಗೆ ಯಾವ ಹಿಮವು ಪಾಠ ಹೇಳಿತ್ತು? ಅವರ ಮೊಮ್ಮಕ್ಕಳು ಪೇಟೆಗೆ ಬಂದು, ವರ್ಷವರ್ಷವೂ ತಪ್ಪದೆ ಬರುವ ಮಳೆಗೆ ವರ್ಷವರ್ಷವೂ ಬೆರಗಾಗುವರು. ಹೂಳು ತುಂಬಿದ ಚರಂಡಿಯು ಬೀದಿಗೆ ಉಕ್ಕಿದಾಗ “ಹವೆಯೇ ಹೀಗೆ” ಎನ್ನುವರು. ಮುಚ್ಚಿಗೆಯಿಲ್ಲದ ಮೋರಿಗೆ ಮಗುವೊಂದು ಬಿದ್ದರೆ ಅದು ಬಿಸಿಲಿನ ದೋಷವೆ? ಕಾಲುಹಾದಿಯನ್ನು ಅಂಗಡಿಯವನೂ ವಾಹನದವನೂ ಹಂಚಿಕೊಂಡು, ಮುದುಕನು ರಾಜಬೀದಿಯ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ನಡೆದರೆ ಅದು ಅಕ್ಷಾಂಶದ ದೋಷವೆ?

ಊರಿನ ಹಿರಿಮೆಯನ್ನು ಅಳೆಯಬೇಕಾದುದು ಅದರ ಅತ್ಯಂತ ಕಠಿನವಾದ ಋತುವಿನಲ್ಲಿ, ಅತ್ಯಂತ ದುರ್ಬಲನಾದ ಪಾದಚಾರಿಯ ಹೆಜ್ಜೆಯಿಂದ. ಉತ್ತರದ ರಾಜಧಾನಿಯಲ್ಲಿ ಆ ಋತುವು ಹಿಮಂತ. ಕನ್ನಡದ ಊರುಗಳಲ್ಲಿ ಅದು ವರ್ಷಾಕಾಲ. ಆ ಹೆಜ್ಜೆಯು ಕೋಲೂರಿ ನಡೆಯುವ ಮುದುಕಿಯದು, ಪಾಠಶಾಲೆಗೆ ಹೋಗುವ ಹುಡುಗಿಯದು. ಅವರು ಬೀಳದೆ ಹೋಗಿಬರುವ ಊರೇ ನಾಗರಿಕವಾದ ಊರು, ಅದು ಹಿಮದಲ್ಲಿರಲಿ ಮರಳಿನಲ್ಲಿರಲಿ. ಸ್ಟಾಕ್‌ಹೋಮಿನ ಜನರು ಆ ಪರೀಕ್ಷೆಯಲ್ಲಿ ಕೆಲವೆಡೆ ಗೆದ್ದಿರುವರು, ಕೆಲವೆಡೆ ಸೋತಿರುವರು. ಗೆದ್ದೆಡೆಯಲ್ಲಿ ಗೆದ್ದುದು ಅವರ ತೆರಿಗೆ, ಅವರ ಕಾನೂನು, ಮಾಡಿನ ಮೇಲೇರಿದ ಕೂಲಿಯವನ ಸಲಿಕೆ. ಆ ಕೀರ್ತಿಯನ್ನು ಕಸಿದು ಚಳಿಗೆ ಕೊಡುವುದು ಅವರಿಗೆ ಮಾಡುವ ಅನ್ಯಾಯ. ಅದೇ ಚಳಿಯ ಹೆಸರಿನಲ್ಲಿ ಇಲ್ಲಿಯ ಪುರಸಭೆಗಳನ್ನು ಕ್ಷಮಿಸಿಬಿಡುವುದು ಇಲ್ಲಿಯ ಮಕ್ಕಳಿಗೆ ಮಾಡುವ ದ್ರೋಹ. ಮುಂಗಾರು ಇನ್ನೂ ದೂರವಿರುವಾಗಲೇ ಪ್ರತಿಯೊಂದು ಊರಿನ ವಾಚಕರೂ ತಮ್ಮ ಬೀದಿಯ ಕೊನೆಯವರೆಗೆ ಒಮ್ಮೆ ನಡೆದುಹೋಗಿ, ಎಲ್ಲೆಲ್ಲಿ ಚರಂಡಿಗೆ ಮುಚ್ಚಿಗೆಯಿಲ್ಲವೆಂಬುದನ್ನು ಬರೆದುಕೊಂಡು, ಆ ಪಟ್ಟಿಯನ್ನು ಪುರಸಭೆಯ ಮೇಜಿನ ಮೇಲಿಟ್ಟು ರಶೀದಿಯನ್ನು ಪಡೆಯಲಿ. ಅಷ್ಟು ಮಾಡಲು ಯಾವ ಹವೆಯೂ ಅಡ್ಡಿಯಾಗದು.